ಗ್ರೂಮ್ ಮಾಡಿದ ಇಳಿಜಾರಿಗೆ ಒಂದೇ ಜೋಡಿ ಸ್ಕೀ ಸಾಕಾ? 78 ಮಿ.ಮೀ. ಫ್ರಂಟ್‌ಸೈಡ್ ಸ್ಕೀ ನಾಲ್ಕು ದಿನ ಓಡಿಸಿದ ಮೇಲೆ

ಬೆಳಗಿನ_ಇಳಿತ

ನಮಸ್ಕಾರ. ಪೋಸ್ಟ್ ಉದ್ದ ಇದೆ, ಬಿಡುವಾದಾಗ ಓದಿ.

ಐದು ವರ್ಷದಿಂದ ನನ್ನ ಕಾಲಲ್ಲಿರುವುದು ಸ್ಲಾಲಮ್ (ಚಿಕ್ಕ ತಿರುವಿನ ರೇಸ್) ಜಾತಿಯ ಸ್ಕೀ. ಉದ್ದ 165 ಸೆಂ.ಮೀ., ಸೊಂಟ (ನಡುವಿನ ಕಿರಿದಾದ ಅಗಲ) 68 ಮಿ.ಮೀ., ರೇಡಿಯಸ್ 13 ಮೀಟರ್ (ಇದು ಕಮ್ಮಿ ಇದ್ದಷ್ಟೂ ತಿರುವು ಚಿಕ್ಕದು). ಬೆಳಗ್ಗೆ ಮೊದಲ ಲಿಫ್ಟ್ ಹತ್ತಿ, ರಾತ್ರಿ ಯಂತ್ರ ಬಾಚಿ ಹೋದ (ಗ್ರೂಮ್ ಮಾಡಿದ) ಗಟ್ಟಿ ಹಿಮದ ಮೇಲೆ ಇಳಿದರೆ ಸ್ವರ್ಗ. ಹನ್ನೊಂದು ಗಂಟೆ ಆಗುತ್ತಿದ್ದ ಹಾಗೆ ಕಥೆ ಬೇರೆ. ಜನ ಇಳಿದೂ ಇಳಿದೂ ಹಿಮ ಗುಡ್ಡೆ ಗುಡ್ಡೆಯಾಗಿರುತ್ತದೆ. ಬಿಸಿಲು ಬಿದ್ದ ಕಡೆ ಮೆತ್ತಗೆ, ನೆರಳಿನ ಕಡೆ ಐಸ್. ಆಗ ಈ ಸ್ಕೀ ಪ್ರತಿ ಗುಡ್ಡೆಗೂ ಮೂತಿ ಚುಚ್ಚುತ್ತದೆ. ವೇಗ ಹೆಚ್ಚಿಸಿ ದೊಡ್ಡ ತಿರುವು ಹಾಕೋಣ ಅಂದರೆ ತಲೆ ಅಲ್ಲಾಡಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ನನ್ನ ತೊಡೆಯಲ್ಲಿ ಜೀವ ಇರುವುದಿಲ್ಲ.

ಅದಕ್ಕೇ ಬೆಳಗ್ಗೆಯಿಂದ ಲಿಫ್ಟ್ ನಿಲ್ಲುವವರೆಗೆ ಗ್ರೂಮ್ ಮಾಡಿದ ಇಳಿಜಾರಿನಲ್ಲಿ ಓಡಿಸಬಹುದಾದ ಒಂದೇ ಜೋಡಿ ಹುಡುಕುತ್ತಿದ್ದೇನೆ. ಫ್ರಂಟ್‌ಸೈಡ್ ಸ್ಕೀ ಅನ್ನುವುದು ಇಂಥ ಇಳಿಜಾರಿಗೆ ಮಾಡಿದ್ದಕ್ಕೇ. ಪೌಡರ್ (ಬಾಚದ ಪುಡಿ ಹಿಮ), ಮರಗಳ ನಡುವಿನ ಸಾಹಸ, ಅದ್ಯಾವುದೂ ನನಗೆ ಬೇಡ.

ನಾಲ್ಕು ದಿನಕ್ಕೆ ಬಾಡಿಗೆಗೆ ತಂದ ಸ್ಕೀ ಹೀಗಿದೆ: ಉದ್ದ 172, ಮುಂದೆ 124, ಸೊಂಟ 78, ಹಿಂದೆ 106. ರೇಡಿಯಸ್ 15 ಮೀಟರ್ ಎಂದು ಬರೆದಿದ್ದಾರೆ. ಒಳಗೆ ಮರ, ಮೇಲೆ ಕೆಳಗೆ ಟೈಟಾನಲ್ ಎಂಬ ಲೋಹದ ಹಾಳೆ. ತುದಿಯಲ್ಲಿ ಸ್ವಲ್ಪ ರಾಕರ್ (ಮೇಲಕ್ಕೆ ಬಾಗಿದ ಆಕಾರ), ಕಾಲ ಕೆಳಗೆ ಮಾಮೂಲಿ ಕ್ಯಾಂಬರ್ (ನೆಲದಿಂದ ಎದ್ದ ಕಮಾನು). ಕಂಪನಿ ಹೆಸರು ಸದ್ಯಕ್ಕೆ ಬೇಡ. ನನಗೇ ಇನ್ನೂ ಖಾತ್ರಿ ಇಲ್ಲ, ಸುಮ್ನೆ ಯಾರ ಹೆಸರನ್ನೂ ಕೆಡಿಸಬಾರದು.

ನಾನು 82 ಕೆಜಿ, 176 ಸೆಂ.ಮೀ. ಎತ್ತರ. ಕಡಿದಾದ ಇಳಿಜಾರಿನಲ್ಲೂ ಭಯ ಇಲ್ಲ. ಆದರೆ ರೇಸರ್ ಖಂಡಿತ ಅಲ್ಲ.

ಮೊದಲ ದಿನ ಬೆಳಗ್ಗೆ ನಾಲ್ಕನೇ ತಿರುವಿನಲ್ಲೇ ನಗು ಬಂತು. 68ರಷ್ಟು ಚುರುಕಾಗಿ ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳುವುದಿಲ್ಲ, ನಿಜ. ಆದರೆ ಒಮ್ಮೆ ಕೂತಿತು ಅಂದರೆ ಕೂತಿತು. ವೇಗ ಏರಿದಷ್ಟೂ ಸಮಾಧಾನ. ಎರಡನೇ ದಿನ ಮಧ್ಯಾಹ್ನ ಆ ಗುಡ್ಡೆಗಳ ನಡುವೆ ಇಳಿದೆ. ತುದಿ ಚುಚ್ಚದೆ ಮೇಲೆ ಹತ್ತಿ ಹೋಯಿತು. ಇದೇ ನಾನು ಹುಡುಕುತ್ತಿದ್ದದ್ದು ಅಂದುಕೊಂಡೆ.

ಮೂರನೇ ದಿನ ತಲೆಬಿಸಿ ಶುರುವಾಯಿತು. ಎಡಕ್ಕೆ ತಿರುಗಿ, ತಿರುವು ಮುಗಿಸಿ, ಬಲಕ್ಕೆ ಹೊರಳಬೇಕು. ಆ ಅರೆಕ್ಷಣದಲ್ಲಿ ಸ್ಕೀ ಚಪ್ಪಟೆಯಾಗಿ ಹಿಮವನ್ನು ಬಿಡಬೇಕು ಅಲ್ವಾ? ಬಿಡುವುದಿಲ್ಲ. ಬಲಗಾಲಿನ ಸ್ಕೀಯ ಹಿಂಭಾಗ ಹಳಿಗೆ ಸಿಕ್ಕಿದ ಗಾಲಿಯಂತೆ ತನ್ನ ಪಾಡಿಗೆ ಹೋಗುತ್ತಿರುತ್ತದೆ. ನಿಧಾನಕ್ಕೆ ಹೋಗುವಾಗ ಇನ್ನೂ ಕಷ್ಟ. ಲಿಫ್ಟ್ ಸಾಲಿನ ಹತ್ತಿರ, ಬರೀ ನಡಿಗೆಯ ವೇಗದಲ್ಲಿ, ಎಲ್ಲರೆದುರು ಬಿದ್ದೆ. ನಾಲ್ಕನೇ ದಿನವೂ ಅದೇ ಗೋಳು.

ಈಗ ಪ್ರಶ್ನೆ: ಇದು ಸ್ಕೀಯ ಗುಣವಾ, ನನ್ನ ಕಾಲಿನ ಗುಣವಾ?

ಸುಮ್ನೆ_ಓದ್ತೀನಿ

ಕುಣಿಯಲಾರದವರು ನೆಲ ಡೊಂಕು ಅಂದ ಹಾಗೆ ಆಯಿತಲ್ಲ ಗುರೂ 😄 ತಮಾಷೆಗೆ ಹೇಳಿದೆ, ಬೇಜಾರಾಗಬೇಡಿ.

ಅಗಲ_ಆದ್ರೇನಂತೆ

ಎರಡು ಹಾಳೆ ಟೈಟಾನಲ್ ಇರುವ ಸ್ಕೀ ಎಂದಾಗಲೇ ಅರ್ಥ ಆಯಿತು. ಹಿಂಭಾಗ ಜಾಸ್ತಿ ಬಿರುಸು. ನೀವು ತಿರುವಿನ ಕೊನೆಯಲ್ಲಿ ಸ್ವಲ್ಪ ಹಿಂದಕ್ಕೆ ಕೂತರೆ ಸಾಕು, ಅದು ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಬದಲು 88 ಸೊಂಟದ್ದು ತಗೊಳ್ಳಿ. ಮಧ್ಯಾಹ್ನ ದೋಣಿ ಹಾಗೆ ತೇಲುತ್ತದೆ, ಬೆಳಗ್ಗೆಯೂ ಪರವಾಗಿಲ್ಲ. ನಾನು ಮೂರು ವರ್ಷದಿಂದ ಅದರಲ್ಲೇ ಇದ್ದೇನೆ.

ಹಳೇ_ಮೊಣಕಾಲು

88 ಬೇಡ ಸ್ವಾಮಿ. ಗಟ್ಟಿ ಹಿಮದ ಮೇಲೆ ಸ್ಕೀ ವಾಲಿಸಿದಾಗ ನೆಲ ನಮ್ಮನ್ನು ತಳ್ಳುವುದು ಅಂಚಿನ ಕೆಳಗಿಂದ. ನಮ್ಮ ಕಾಲಿನ ನಡುಗೆರೆ ಇರುವುದು ಸ್ಕೀಯ ನಡುವೆ. 68ರಲ್ಲಿ ಈ ಎರಡರ ಅಂತರ 34 ಮಿ.ಮೀ., 78ರಲ್ಲಿ 39, 88ರಲ್ಲಿ 44. ಹತ್ತು ಮಿ.ಮೀ. ಏನು ಮಹಾ ಅನ್ನಿಸಬಹುದು. ಆದರೆ 34 ಇದ್ದದ್ದು 44 ಆಯಿತು ಅಂದರೆ ಸನ್ನೆಗೋಲು ಸುಮಾರು ಶೇ. 30ರಷ್ಟು ಉದ್ದವಾಯಿತು. ಸ್ಕೀಯನ್ನು ಮತ್ತೆ ಚಪ್ಪಟೆ ಮಾಡಲು ನೆಲ ಅಷ್ಟು ಜಾಸ್ತಿ ಬಲ ಹಾಕುತ್ತದೆ. ಅದನ್ನು ತಡೆಯುವುದು ಯಾರು? ಪಾದದ ಗಂಟು, ಮೊಣಕಾಲು. ಮೆತ್ತನೆ ಹಿಮದಲ್ಲಿ ಇದು ಗೊತ್ತಾಗುವುದಿಲ್ಲ, ಸ್ಕೀ ಪೂರ್ತಿ ಹೂತು ಕೂರುತ್ತದೆ. ಐಸ್ ಮೇಲೆ ಒಂದು ಬೆಳಗ್ಗೆ ಓಡಿಸಿ ಸಂಜೆ ಮೆಟ್ಟಿಲು ಇಳಿಯಿರಿ, ಗೊತ್ತಾಗುತ್ತದೆ.

ನನ್ನ ಹೆಸರು ನೋಡಿದಿರಲ್ಲ, ಸುಮ್ನೆ ಇಟ್ಟುಕೊಂಡಿದ್ದಲ್ಲ.

ಅಗಲ_ಆದ್ರೇನಂತೆ

ನನ್ನ ಮೊಣಕಾಲಿಗೆ ಏನೂ ಆಗಿಲ್ಲ.

ಹಳೇ_ಮೊಣಕಾಲು

ಆಗಲೂ ಬೇಡ.

ಐವತ್ನಾಲ್ಕು_ಕೆಜಿ

ಬೆಳಗಿನ_ಇಳಿತ ಅವರೇ, ನಿಮ್ಮ ಪೋಸ್ಟ್‌ನಲ್ಲಿ ನನಗೆ ಇಷ್ಟವಾದದ್ದು ತೂಕ, ಎತ್ತರ ಬರೆದದ್ದು. ಅರ್ಧಕ್ಕರ್ಧ ವಿಮರ್ಶೆಗಳಲ್ಲಿ ಇದು ಇರುವುದೇ ಇಲ್ಲ. 90 ಕೆಜಿ ಆಳು "ಬೆಣ್ಣೆಯಂಥ ಸ್ಕೀ" ಎಂದು ಬರೆಯುತ್ತಾರೆ. ಅದನ್ನು ನಂಬಿ ನಾನು ಹತ್ತಿದರೆ ಅದು ಹಲಗೆ. ಬಾಗುವುದೇ ಇಲ್ಲ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಡದವರು ಮುಂದೆ ಹೋಗಿ. ಪೆಟ್ಟಿಗೆ ಮೇಲೆ ಬರೆದ 15 ಮೀಟರ್ ಎಂಬುದು ಸ್ಕೀಯ ಪಕ್ಕದ ಕಮಾನಿನ ರೇಡಿಯಸ್, ಅಷ್ಟೇ. ನಿಮ್ಮ ಅಳತೆಯಲ್ಲೇ ನೋಡಿ. ಮುಂದಿನ 124, ಹಿಂದಿನ 106, ಸರಾಸರಿ 115. ಅದರಲ್ಲಿ ಸೊಂಟದ 78 ಕಳೆದರೆ 37, ಒಂದು ಪಕ್ಕಕ್ಕೆ 18.5 ಮಿ.ಮೀ. ಒಳಗೆ ಹೋಗಿದೆ. ಅಗಲವಾದ ಎರಡು ಜಾಗಗಳ ನಡುವೆ ಒಂದೂವರೆ ಮೀಟರ್ ಎಂದಿಟ್ಟುಕೊಳ್ಳಿ. ಆ ಉದ್ದದ ವರ್ಗವನ್ನು ಒಳಸರಿತದ ಎಂಟು ಪಟ್ಟಿನಿಂದ ಭಾಗಿಸಿದರೆ 15.2 ಮೀಟರ್ ಬರುತ್ತದೆ. ಅಂದರೆ ಕಂಪನಿಯವರು ಸುಳ್ಳು ಬರೆದಿಲ್ಲ.

ಆದರೆ ಹಿಮದ ಮೇಲೆ ಬರುವ ತಿರುವು ಇದಲ್ಲ. ಸ್ಕೀಯನ್ನು ವಾಲಿಸಿದಷ್ಟೂ ತಿರುವು ಚಿಕ್ಕದಾಗುತ್ತದೆ. 15 ಮೀಟರ್‌ನ ಸ್ಕೀಯನ್ನು 45 ಡಿಗ್ರಿ ವಾಲಿಸಿದರೆ ಸುಮಾರು 10.6 ಮೀಟರ್, 60 ಡಿಗ್ರಿ ವಾಲಿಸಿದರೆ 7.5. ಒಂದೇ ಷರತ್ತು: ಅಷ್ಟು ವಾಲಿಸಿದಾಗ ಸ್ಕೀ ಅಷ್ಟು ಬಾಗಲೂ ಬೇಕು. 82 ಕೆಜಿಯವರ ಕೆಳಗೆ ಬಾಗುವ ಸ್ಕೀ ನನ್ನ ಕೆಳಗೆ ಬಾಗಲಿಕ್ಕಿಲ್ಲ. ಹಾಗಾಗಿ "ಈ ಸ್ಕೀ ಸಣ್ಣ ತಿರುವು ಹಾಕುತ್ತಾ" ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು "ಯಾರು ಹತ್ತಿದಾಗ?"

ನಾನು ಕೊನೆಗೆ ತಗೊಂಡದ್ದು 72 ಸೊಂಟ, 158 ಸೆಂ.ಮೀ., ಒಂದೇ ಹಾಳೆ ಲೋಹ.

ಸುಮ್ನೆ_ಓದ್ತೀನಿ

ಟೈಟಾನಲ್ ಟೈಟಾನಲ್ ಅಂತ ಎಲ್ಲರೂ ಹೇಳುತ್ತೀರಲ್ಲ, ಅದು ಟೈಟಾನಿಯಂ ಅಲ್ವಾ?

ಅರ_ಹಿಡಿದವನು

ಅಲ್ಲ. ಹೆಸರು ನೋಡಿ ಎಲ್ಲರೂ ಮೋಸ ಹೋಗುತ್ತಾರೆ. ಅದು ಅಲ್ಯೂಮಿನಿಯಂ ಮಿಶ್ರಲೋಹ. ಆಸ್ಟ್ರಿಯಾದ ಅಮಾಗ್ ಎಂಬ ಕಂಪನಿ ಇಟ್ಟ ವ್ಯಾಪಾರದ ಹೆಸರು. ಅರ್ಧ ಮಿ.ಮೀ. ಆಸುಪಾಸಿನ ತೆಳು ಹಾಳೆ. ಸ್ಕೀ ಉದ್ದಕ್ಕೆ ಬಾಗಬೇಕು, ಆದರೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳಬಾರದು. ಹಾಳೆ ಹಾಕುವುದು ಮುಖ್ಯವಾಗಿ ಇದಕ್ಕೆ. ಜೊತೆಗೆ ತೂಕ ಬರುತ್ತದೆ, ನಡುಕ ಕಮ್ಮಿ ಆಗುತ್ತದೆ. ಸ್ಕೀಗೆ ಅಲ್ಯೂಮಿನಿಯಂ ಹಾಕುವುದು ಹೊಸದೂ ಅಲ್ಲ. ವಿಮಾನ ಕಾರ್ಖಾನೆಯಲ್ಲಿದ್ದ ಹೊವಾರ್ಡ್ ಹೆಡ್ 1950ರಲ್ಲಿ ಕಂಪನಿ ಕಟ್ಟಿದ್ದೇ ಇದನ್ನು ನಂಬಿಕೊಂಡು.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಬೆಳಗಿನ_ಇಳಿತ ಸಾರ್, ಬಿರುಸು, ತೂಕ, ಟೈಟಾನಲ್ ಎಲ್ಲ ಪಕ್ಕಕ್ಕಿಡಿ. ನನಗೆ ಮೂರು ವಿಷಯ ಹೇಳಿ. ಒಂದು, ತೊಂದರೆ ಎಡ ತಿರುವಿನ ಕೊನೆಯಲ್ಲಿ ಮಾತ್ರವಾ, ಬಲ ತಿರುವಿನಲ್ಲೂ ಇದೆಯಾ? ಎರಡು, ಬಾಡಿಗೆಯವರು ಕೊಡುವ ಮುಂಚೆ ಸಾಣೆ ಹಿಡಿಸಿದ್ದರಾ? ಮೂರು, ಮೊದಲ ಎರಡು ದಿನ ಇದು ಇರಲೇ ಇಲ್ಲವಾ, ಇಲ್ಲ ನಿಮಗೆ ಗೊತ್ತಾಗಲಿಲ್ಲವಾ?

ಬೆಳಗಿನ_ಇಳಿತ

ಒಂದು: ಎಡ ತಿರುವಿನಲ್ಲಿ ಮಾತ್ರ. ಬಲ ತಿರುವು ಚೆನ್ನಾಗಿಯೇ ಬಿಡುತ್ತದೆ. ಎರಡು: ಎರಡನೇ ದಿನ ಸಂಜೆ ವಾಪಸ್ ಕೊಟ್ಟಾಗ "ಅಂಚು ಚೂಪು ಮಾಡಿಕೊಡುತ್ತೇವೆ" ಎಂದು ಒಳಗೆ ತೆಗೆದುಕೊಂಡು ಹೋದರು. ಮೂರು: ಮೊದಲ ಎರಡು ದಿನ ಇರಲಿಲ್ಲ.

ಬರೆಯುತ್ತಿದ್ದ ಹಾಗೇ ನನಗೂ ಏನೋ ಹೊಳೆಯುತ್ತಿದೆ.

ಅರ_ಹಿಡಿದವನು

ಹೊಳೆದದ್ದು ಸರಿ ಇರಬಹುದು. ಆದರೆ ಊಹೆ ಬೇಡ, ಪರೀಕ್ಷೆ ಮಾಡಿ. ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ: ಎಡ ಸ್ಕೀ ಬಲಗಾಲಿಗೆ, ಬಲ ಸ್ಕೀ ಎಡಗಾಲಿಗೆ ಹಾಕಿಕೊಂಡು ಅದೇ ಇಳಿಜಾರಿನಲ್ಲಿ ಇಳಿಯಿರಿ. ಎರಡೂ ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿಸುವ ಕೊಂಡಿ) ನಿಮ್ಮ ಬೂಟಿಗೆ ಒಂದೇ ರೀತಿ ಹೊಂದಿಸಿದ್ದರೆ ಇದಕ್ಕೇನೂ ಅಡ್ಡಿ ಇಲ್ಲ. ಎಲಾನ್ ಆ್ಯಂಫಿಬಿಯೋದಂಥ ಎಡ-ಬಲ ಬೇರೆ ಬೇರೆ ಇರುವ ಸ್ಕೀ ಆದರೆ ಮಾತ್ರ ಇದು ನಡೆಯುವುದಿಲ್ಲ. ಅದರ ಒಳ ಅಂಚಿಗೆ ಕ್ಯಾಂಬರ್, ಹೊರ ಅಂಚಿಗೆ ರಾಕರ್.

ಮೂರು ಉತ್ತರ ಬರಬಹುದು.

ತೊಂದರೆ ಎಡ ತಿರುವಿನಲ್ಲೇ ಉಳಿದರೆ ಸ್ಕೀಯನ್ನು ಬೈಯಬೇಡಿ. ಬೂಟು ನೋಡಿ, ಬಲಗಾಲು ನೋಡಿ, ಟೀಚರ್ ಹತ್ತಿರ ಹೋಗಿ.

ತೊಂದರೆ ಮಾಯವಾದರೆ, ಆ ಸ್ಕೀಯ ಒಂದು ಅಂಚಿನಲ್ಲಿ ಮಾತ್ರ ಕಸರು ಉಳಿದಿದೆ. ಅರ ಎಳೆದಾಗ ಉಕ್ಕಿನ ಸಣ್ಣ ಎಳೆಯೊಂದು ಕೆಳಕ್ಕೆ ಮಡಚಿಕೊಂಡು ನಿಲ್ಲುತ್ತದಲ್ಲ, ಅದು. ಕಾಲು ಬದಲಿಸಿದಾಗ ಆ ಅಂಚು ಹೊರಗಡೆ ಹೋಗುತ್ತದೆ, ಕೆಲಸಕ್ಕೆ ಬರುವುದಿಲ್ಲ, ತೊಂದರೆಯೂ ಕೊಡುವುದಿಲ್ಲ. ಸಾಣೆಕಲ್ಲು ಹಗುರವಾಗಿ ಎರಡು ಸಲ ಆಡಿಸಿದರೆ ಮುಗಿಯಿತು.

ಮೂರನೆಯದು, ತೊಂದರೆ ಬಲ ತಿರುವಿಗೆ ಹೋದರೆ. ಆಗ ಆ ಒಂದು ಸ್ಕೀಯ ಎರಡೂ ಅಂಚು ತಳಕ್ಕಿಂತ ಎತ್ತರ ಇವೆ ಅಂತ ಅರ್ಥ. ತಳ ಮಧ್ಯದಲ್ಲಿ ಗುಳಿಬಿದ್ದಿದೆ. ಹಳಿ ಮೇಲೆ ಹೋದ ಹಾಗೆ ಅಂದಿರಲ್ಲ, ನಾವೂ ಅದನ್ನೇ ಹೇಳುತ್ತೇವೆ. ನೀವು ಚಪ್ಪಟೆ ಮಾಡಿದ್ದೀರಿ ಅಂದುಕೊಂಡಿರುತ್ತೀರಿ, ಅದು ಎರಡು ಅಂಚಿನ ಮೇಲೆ ನಿಂತಿರುತ್ತದೆ.

ಇನ್ನೊಂದು ಮಾತು. ಅಂಚಿಗೆ ಬೇಸ್ (ತಳ) ಕಡೆಯ ಕೋನ ಮಾಮೂಲಾಗಿ 0.5ರಿಂದ 1 ಡಿಗ್ರಿ, ಪಕ್ಕದ್ದು 2ರಿಂದ 3 ಡಿಗ್ರಿ. ಪಕ್ಕದ್ದು ಚೂಪು ಕೊಡುತ್ತದೆ. ಬೇಸ್ ಕಡೆಯದ್ದು ಯಾವಾಗ ಕಚ್ಚಬೇಕು, ಯಾವಾಗ ಬಿಡಬೇಕು ಎಂದು ತೀರ್ಮಾನಿಸುತ್ತದೆ. ಜನ ಕೇಳುವುದು ಬರೀ ಪಕ್ಕದ್ದರ ಬಗ್ಗೆ. ಬೇಸ್ ಕಡೆ ಕೋನ ಜಾಸ್ತಿ ಆದರೆ ಅದನ್ನು ಅರದಿಂದ ವಾಪಸ್ ತರಲು ಆಗುವುದಿಲ್ಲ, ಇಡೀ ತಳವನ್ನೇ ಕಲ್ಲಿಗೆ ಕೊಟ್ಟು ಇಳಿಸಬೇಕು. ಅದಕ್ಕೇ ನಾನು ಆ ಕಡೆ ಅರ ಮುಟ್ಟಿಸುವ ಮುಂಚೆ ನೂರು ಸಲ ಯೋಚಿಸುತ್ತೇನೆ.

ನಿವೃತ್ತ_ಟೀಚರ್

ಅರ_ಹಿಡಿದವನು ಹೇಳಿದ್ದು ಮಾಡಿ. ಆ ಫಲಿತಾಂಶ ಬರುವವರೆಗೆ ಈ ಸ್ಕೀ ಬಗ್ಗೆ ಒಂದು ಮಾತೂ ಆಡಬೇಡಿ, ಒಳ್ಳೆಯದೂ ಬೇಡ ಕೆಟ್ಟದೂ ಬೇಡ.

ನಾನು ಹೇಳುವುದು ಅದಾದ ಮೇಲಿನದ್ದು. ನೀವು ನಾಲ್ಕು ದಿನ ಓಡಿಸಿದ್ದೀರಿ, ಆದರೆ ನಾಲ್ಕೂ ದಿನ ನಿಮಗೆ ಬೇಕಾದ ತಿರುವನ್ನೇ ಹಾಕಿದ್ದೀರಿ. ಹಾಗೆ ಮಾಡಿದರೆ ಸ್ಕೀ ಏನು ಚೆನ್ನಾಗಿ ಮಾಡುತ್ತದೋ ಅದು ಮಾತ್ರ ಗೊತ್ತಾಗುತ್ತದೆ. ಬಹುಮುಖ ಸ್ಕೀ ಬೇಕು ಅನ್ನುವವರು ಅದು ಒಲ್ಲೆ ಅನ್ನುವುದನ್ನು ಕೇಳಬೇಕು.

ನಾನು ಮಾಡುವುದು ಹೀಗೆ. ಒಂದೇ ಇಳಿಜಾರು, ಮಧ್ಯಮ ಕಡಿದು, ಜನ ಕಮ್ಮಿ ಇರುವ ಹೊತ್ತು. ಮೊದಲು ಏನೂ ಮಾಡದೆ ಬರೀ ವಾಲಿಸಿ ಇಳಿಯುತ್ತೇನೆ. ಆಮೇಲೆ ಲಿಫ್ಟ್‌ನಲ್ಲಿ ಕೂತು ಮೇಲೆ ಹೋಗುವಾಗ ನನ್ನದೇ ಗುರುತು ಹುಡುಕುತ್ತೇನೆ. ಎರಡು ಪೆನ್ಸಿಲ್ ಗೆರೆ ಇದ್ದರೆ ಸ್ಕೀ ಜಾರದೆ ಅಂಚಿನ ಮೇಲೇ ಕೊರೆದಿದೆ (ಕಾರ್ವ್). ಗೆರೆ ಎಲ್ಲೋ ಒಂದು ಕಡೆ ಹರಡಿ ಪೊರಕೆ ಎಳೆದ ಹಾಗೆ ಕಂಡರೆ ಅಲ್ಲಿ ಜಾರಿದೆ. ಎಲ್ಲಿ ಹರಡಿದೆ ಎಂಬುದು ಬಹಳ ಹೇಳುತ್ತದೆ. ತಿರುವಿನ ಶುರುವಿನಲ್ಲಾದರೆ ತುದಿ ತಡವಾಗಿ ಹಿಡಿದಿದೆ. ಕೊನೆಯಲ್ಲಾದರೆ ಹಿಂಭಾಗ ಕೈ ಬಿಟ್ಟಿದೆ, ಇಲ್ಲ ನಾನೇ ಹಿಂದೆ ಕೂತಿದ್ದೇನೆ.

ಎರಡನೇ ಸಲ, ತಿರುವಿನ ನಡುವೆ ಮನಸ್ಸು ಬದಲಿಸುತ್ತೇನೆ. ದೊಡ್ಡ ತಿರುವು ಎಂದು ಶುರು ಮಾಡಿ ಅರ್ಧದಲ್ಲಿ ಚಿಕ್ಕದು ಮಾಡುತ್ತೇನೆ. ಕೊರೆಯುತ್ತಾ ಶುರು ಮಾಡಿ ಜಾರಿಸುತ್ತಾ ಮುಗಿಸುತ್ತೇನೆ. ರೇಸ್ ಸ್ಕೀ ಇಲ್ಲಿ ಜಗಳ ಆಡುತ್ತದೆ, ಅದನ್ನು ಮಾಡಿರುವುದೇ ಹಾಗೆ. ಪುರುಷರ ಜೈಂಟ್ ಸ್ಲಾಲಮ್ ವಿಶ್ವಕಪ್ ಸ್ಕೀಗೆ ಕನಿಷ್ಠ 30 ಮೀಟರ್ ರೇಡಿಯಸ್ ಎಂದು ನಿಯಮವೇ ಇದೆ. 2012ರ ಸೀಸನ್‌ನಿಂದ ಕೆಲ ವರ್ಷ 35 ಇತ್ತು. ಅಂಥದ್ದನ್ನು ರಜೆಯ ದಿನ ಜನರ ನಡುವೆ ಓಡಿಸುವವರನ್ನು ನೋಡಿದರೆ ನನಗೆ ಭಯ ಆಗುತ್ತದೆ. ಫ್ರಂಟ್‌ಸೈಡ್ ಸ್ಕೀ ಆದರೆ ಮನಸ್ಸು ಬದಲಿಸಿದ್ದಕ್ಕೆ ಮುನಿಸಿಕೊಳ್ಳಬಾರದು.

ಮೂರನೆಯದು ಯಾರಿಗೂ ಇಷ್ಟ ಆಗುವುದಿಲ್ಲ. ಅತಿ ನಿಧಾನಕ್ಕೆ, ಚಿಕ್ಕ ಮಗುವಿನ ಹಿಂದೆ ಹೋಗುವ ವೇಗದಲ್ಲಿ, ಅಡ್ಡ ಜಾರುವುದು. ಎಡಕ್ಕೆ ಹತ್ತು ಮೀಟರ್, ಬಲಕ್ಕೆ ಹತ್ತು ಮೀಟರ್. ಸ್ಕೀ ಒಂದೇ ಸಮನೆ ಕೆಳಕ್ಕೆ ಜಾರಬೇಕು. ಕಟ್ ಕಟ್ ಎಂದು ಹಿಡಿದು ಬಿಟ್ಟು ಮಾಡಿದರೆ ಅಂಚಿನಲ್ಲಿ ಏನೋ ಇದೆ. ಬೆಳಗಿನ_ಇಳಿತ ಮೊದಲ ದಿನವೇ ಇದನ್ನು ಮಾಡಿ, ಮೂರನೇ ದಿನ ಮತ್ತೆ ಮಾಡಿದ್ದರೆ ಲಿಫ್ಟ್ ಸಾಲಿನಲ್ಲಿ ಬೀಳುತ್ತಿರಲಿಲ್ಲ.

ನಾವು ಕಲಿತ ಕಾಲದಲ್ಲಿ 200 ಸೆಂ.ಮೀ. ದಾಟಿದ ನೆಟ್ಟನೆಯ ಸ್ಕೀ. ಕೊರೆಯುವ ಮಾತೇ ಇರಲಿಲ್ಲ, ಬಹುತೇಕ ಜಾರಿಸುವುದೇ. 1993ರಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ಎಸ್‌ಸಿಎಕ್ಸ್ ಎಂದು ಸೊಂಟ ಸಣ್ಣಗಿರುವ ಸ್ಕೀ ತಂದಾಗ ನಾನೂ ನಕ್ಕವಳೇ. ಒಂದು ಬೆಳಗ್ಗೆ ಹಾಕಿ ನೋಡಿದೆ. ನಗು ನಿಂತಿತು.

ಅಗಲ_ಆದ್ರೇನಂತೆ

ಮೇಡಂ, ಮೂರನೇ ಪರೀಕ್ಷೆ ನನ್ನ 88ರಲ್ಲಿ ಮಾಡಿದೆ ಇವತ್ತು. ಜಾರುವುದು ಚೆನ್ನಾಗಿ ಜಾರಿತು. ಮೊದಲನೆಯದರಲ್ಲಿ ಲಿಫ್ಟ್‌ನಿಂದ ನೋಡಿದರೆ ಎಲ್ಲ ಕಡೆ ಪೊರಕೆ 😅 ನಾನು ಇಷ್ಟು ವರ್ಷ ಕಾರ್ವ್ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ನಿವೃತ್ತ_ಟೀಚರ್

ಪ್ರಾಮಾಣಿಕವಾಗಿ ಹೇಳಿದಿರಿ, ಅದು ದೊಡ್ಡದು. ಸ್ಕೀ ಬದಲಿಸುವ ಮುಂಚೆ ಒಮ್ಮೆ ಬೂಟಿನ ಮೇಲಿನ ಬಕಲ್ ನೋಡಿ. ಸಡಿಲ ಬಿಟ್ಟು ಓಡಿಸುವವರು ನನಗೆ ಗೊತ್ತು.

ಅಗಲ_ಆದ್ರೇನಂತೆ

ಯಾರು ಹೇಳಿದರು ನಿಮಗೆ!

ಸುಮ್ನೆ_ಓದ್ತೀನಿ

ನನ್ನದೊಂದು ಚಿಕ್ಕ ಪ್ರಶ್ನೆ. 78 ಎಂದರೆ ಎಲ್ಲ ಕಂಪನಿಯದ್ದೂ ಒಂದೇ ಥರಾನಾ? ಯಾವ ಹೆಸರು ನೋಡಬೇಕು?

ಐವತ್ನಾಲ್ಕು_ಕೆಜಿ

ಒಂದೇ ಥರ ಅಲ್ಲವೇ ಅಲ್ಲ. ಸ್ಟಾಕ್ಲಿ ಲೇಸರ್ ಎಎಕ್ಸ್‌ನ ಸೊಂಟ 78, ಹೆಡ್ ಸೂಪರ್‌ಶೇಪ್ ಇ-ರ‍್ಯಾಲಿಯದ್ದೂ 78. ಎರಡರ ಸ್ವಭಾವ ಒಂದೇ ಇರುತ್ತದೆ ಅಂದುಕೊಂಡು ತಗೊಂಡರೆ ಕೆಟ್ಟಿರಿ. ಒಂದೇ ಕಂಪನಿಯ ಒಂದೇ ಸಾಲನ್ನು ನೋಡಿದರೆ ಅಗಲದ ವಿಷಯ ಚೆನ್ನಾಗಿ ಅರ್ಥ ಆಗುತ್ತದೆ. ಹೆಡ್‌ನವರ ಆ ಸಾಲಿನಲ್ಲಿ ಇ-ಸ್ಪೀಡ್ 68, ಇ-ಮ್ಯಾಗ್ನಮ್ 72, ಇ-ರ‍್ಯಾಲಿ 78, ಇ-ಟೈಟನ್ 84. ಸಾಧ್ಯವಾದರೆ ಒಂದೇ ಬೆಳಗ್ಗೆ ಎರಡು ಅಗಲ ಹಾಕಿ ನೋಡಿ. ರೇಡಿಯಸ್‌ನ ಸಂಖ್ಯೆಯನ್ನೂ ಕಣ್ಣು ಮುಚ್ಚಿ ಹೋಲಿಸಬೇಡಿ. ಫೋಲ್ಕಲ್‌ನವರು ಡೀಕನ್ ಸಾಲಿನಲ್ಲಿ ಒಂದೇ ಸ್ಕೀಗೆ ಮೂರು ರೇಡಿಯಸ್ ಕೊಡುತ್ತಿದ್ದರು. ತುದಿ, ಬಾಲದ ಕಡೆ ದೊಡ್ಡದು, ಕಾಲ ಕೆಳಗೆ ಚಿಕ್ಕದು. ಅಂಥದ್ದನ್ನು ಒಂದೇ ಸಂಖ್ಯೆಯಲ್ಲಿ ಹೇಗೆ ಹೇಳುವುದು?

ಅರ_ಹಿಡಿದವನು

ಬೈಂಡಿಂಗ್ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೇ ಒಂದು ಮಾತು. ಈ ಜಾತಿಯ ಸ್ಕೀ ಬಹಳಷ್ಟು ಬೈಂಡಿಂಗ್ ಸಮೇತವೇ ಬರುತ್ತವೆ. ನಿಮ್ಮ ಬೂಟಿನ ತಳ ಹಳೆಯ ಚಪ್ಪಟೆಯದ್ದಾ, ಗ್ರಿಪ್‌ವಾಕಾ (ನಡೆಯಲು ಸುಲಭವಾಗುವ ಬಾಗಿದ ತಳ) ಎಂದು ಮೊದಲು ನೋಡಿ. ಚಪ್ಪಟೆ ತಳದ ಮಾನದಂಡ ಐಎಸ್‌ಒ 5355, ಗ್ರಿಪ್‌ವಾಕ್‌ಗೆ ಐಎಸ್‌ಒ 23223. ಬೈಂಡಿಂಗ್ ಮೇಲೆ ಗ್ರಿಪ್‌ವಾಕ್ ಗುರುತು ಇಲ್ಲದಿದ್ದರೆ ಆ ಬೂಟು ಹಾಕಬೇಡಿ. ಬಿದ್ದಾಗ ಬೈಂಡಿಂಗ್ ಬೂಟನ್ನು ಬಿಡುವ ಬಲವನ್ನು ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಓಡಿಸುವ ರೀತಿ ನೋಡಿ ಹಾಕುತ್ತಾರೆ. ವಯಸ್ಸು 50 ಆದವರಿಗೆ ಪಟ್ಟಿಯಲ್ಲಿ ಒಂದು ಸಾಲಿನಷ್ಟು ಕಮ್ಮಿ ಬಲ ಹಾಕಬೇಕು. ವಯಸ್ಸು ಹೇಳಲು ನಾಚಿಕೊಳ್ಳುವವರು ಬಹಳ ಇದ್ದಾರೆ, ಅದಕ್ಕೆ ಹೇಳಿದೆ.

ಹಳೇ_ಮೊಣಕಾಲು

ನನ್ನ ಕಡೆ ಯಾಕೆ ನೋಡುತ್ತೀರಿ? ನಾನು ಸರಿಯಾಗಿಯೇ ಹೇಳಿದ್ದೇನೆ.

ಬೆಳಗಿನ_ಇಳಿತ

ಬಂದೆ. ಮೂರನೇ ಉತ್ತರ!

ಇವತ್ತು ಬೆಳಗ್ಗೆ ಮೊದಲ ಇಳಿತಕ್ಕೆ ಮಾಮೂಲಿನಂತೆ ಹಾಕಿಕೊಂಡು ಹೋದೆ. ಎಡ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಕೆಳಗೆ ಬಂದು ಅದಲು ಬದಲು ಮಾಡಿದೆ. ಎರಡನೇ ತಿರುವಿನಲ್ಲೇ ತೊಂದರೆ ಬಲಕ್ಕೆ ಹಾರಿತು. ಎಡ ತಿರುವು ನಯವಾಗಿ ಬಿಟ್ಟಿತು. ಅಲ್ಲೇ ನಿಂತು ಒಬ್ಬನೇ ನಕ್ಕೆ. ನೆಲ ನಿಜಕ್ಕೂ ಡೊಂಕು ಇತ್ತು, ಸುಮ್ನೆ_ಓದ್ತೀನಿ ಅವರೇ.

ಸಂಜೆ ಗೆಳೆಯನ ಹತ್ತಿರ ಇದ್ದ ಉಕ್ಕಿನ ನೇರ ಪಟ್ಟಿ ತಂದೆ. ಸ್ಕೀಯ ತಳ ಒರೆಸಿ, ದೀಪದ ಕಡೆ ಹಿಡಿದು, ಪಟ್ಟಿಯನ್ನು ಅಡ್ಡಕ್ಕೆ ನಿಲ್ಲಿಸಿದೆ. ಚೆನ್ನಾಗಿರುವ ಸ್ಕೀಯಲ್ಲಿ ಪಟ್ಟಿಯ ಕೆಳಗೆ ಉದ್ದಕ್ಕೂ ಕತ್ತಲೆ. ಅಂಚಿನ ಹತ್ತಿರ ಮಾತ್ರ ಕೂದಲೆಳೆಯಷ್ಟು ಬೆಳಕು, ಅದು ಬೇಸ್ ಕೋನ. ಇನ್ನೊಂದು ಸ್ಕೀಯಲ್ಲಿ, ಹಿಮ್ಮಡಿಯಿಂದ ಒಂದು ಗೇಣು ಹಿಂದಕ್ಕೆ ಹೋಗುತ್ತಿದ್ದ ಹಾಗೆ, ಉಲ್ಟಾ. ಎರಡು ಅಂಚಿನ ಮೇಲೆ ಪಟ್ಟಿ ಕೂತಿದೆ, ನಡುವೆ ಬಾಗಿಲ ಸಂದಿನಲ್ಲಿ ಬಂದ ಹಾಗೆ ಬೆಳಕು. ಬಾಲದವರೆಗೂ ಹಾಗೇ. ಮುಂದಿನ ಅರ್ಧ ಸರಿಯಾಗಿದೆ.

ಇಂಥ ಸ್ಕೀ ಮೊದಲ ಎರಡು ದಿನ ಹೇಗೆ ಚೆನ್ನಾಗಿ ಓಡಿತು ಅನ್ನುವುದು ಮಾತ್ರ ತಿಳಿಯಲಿಲ್ಲ.

ಅರ_ಹಿಡಿದವನು

ಗುಳಿ ಮೊದಲಿಂದಲೂ ಇದ್ದಿರಬಹುದು. ಹಳೆಯ ಅಂಚು ಮೊಂಡಾಗಿತ್ತು, ಅದು ಕಚ್ಚುತ್ತಿರಲಿಲ್ಲ, ನಿಮಗೆ ಗೊತ್ತಾಗಲಿಲ್ಲ. ಅವರು ಪಕ್ಕವನ್ನು ಚೂಪು ಮಾಡಿದ ಮೇಲೆ ಎತ್ತರದ ಅಂಚಿಗೆ ಹಲ್ಲು ಬಂತು. ಬೇಸ್ ಕಡೆ ನೋಡದೆ ಬರೀ ಪಕ್ಕ ಚೂಪು ಮಾಡಿದರೆ ಹೀಗೇ ಆಗುವುದು. ತಳ ಕಲ್ಲಿಗೆ ಕೊಟ್ಟು ಸಮ ಮಾಡಿಸಿ, ಬೇಸ್ 1, ಪಕ್ಕ 2 ಡಿಗ್ರಿ ಹೇಳಿ. ನಿಮ್ಮ ತೂಕಕ್ಕೆ ಪಕ್ಕ 3 ಬೇಕಾದರೂ ಹಾಕಿಸಬಹುದು, ಆದರೆ ಮೊದಲು 2ರಲ್ಲಿ ಓಡಿಸಿ.

ಬೆಳಗಿನ_ಇಳಿತ

ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ. ಬಾಡಿಗೆಯವರಿಗೆ ಆ ಬೆಳಕಿನ ಸಂದು ತೋರಿಸಿದೆ. ವಾದ ಮಾಡದೆ ಎರಡೂ ಸ್ಕೀಯ ತಳ ಸಮ ಮಾಡಿಸಿ, 1 ಮತ್ತು 2 ಡಿಗ್ರಿ ಹಾಕಿಸಿಕೊಟ್ಟರು. ಅದೇ ಸ್ಕೀ, ಅದೇ ಬೂಟು, ಅದೇ ಇಳಿಜಾರು. ಟೀಚರ್ ಮೇಡಂ ಹೇಳಿದ ಮೂರನ್ನೂ ಮಾಡಿದೆ.

ಅಡ್ಡ ಜಾರುವುದರಿಂದಲೇ ಶುರು ಮಾಡಿದೆ. ಎರಡೂ ಕಡೆ ರೇಷ್ಮೆ ಸೀರೆ ಮೇಲೆ ಕೈ ಆಡಿಸಿದ ಹಾಗೆ ಹೋಯಿತು. ಕಟ್ ಕಟ್ ಇಲ್ಲ. ಅಲ್ಲಿಗೆ ಅರ್ಧ ನೆಮ್ಮದಿ.

ಪೆನ್ಸಿಲ್ ಗೆರೆ: ಎಡ ಬಲ ಎರಡೂ ಚೆನ್ನಾಗಿ ಬಂತು. ಬಲ ತಿರುವಿನ ಶುರುವಿನಲ್ಲಿ ಒಂದು ಮೊಳದಷ್ಟು ಪೊರಕೆ ಇದೆ. ಸ್ಕೀ ಬದಲಿಸಿ ಹಾಕಿದರೂ ಅದು ಬಲ ತಿರುವಿನಲ್ಲೇ ಇದೆ. ಹಾಗಾದರೆ ಅದು ನಾನೇ. ಎಡಗಾಲಿನ ಮೇಲೆ ತಡವಾಗಿ ಭಾರ ಹಾಕುತ್ತೇನೆ ಅಂತ ಕಾಣುತ್ತದೆ.

ಮನಸ್ಸು ಬದಲಿಸುವ ಪರೀಕ್ಷೆಯಲ್ಲಿ ಈ ಸ್ಕೀ ನನ್ನನ್ನು ಗೆದ್ದಿತು. ದೊಡ್ಡ ತಿರುವಿನ ನಡುವೆ ಯಾರೋ ಅಡ್ಡ ಬಂದರು, ನಿಜಕ್ಕೂ ಬಂದರು, ನಾಟಕ ಅಲ್ಲ. ಹಿಂಭಾಗ ಬಿಟ್ಟು ಜಾರಿಸಿ, ಅವರ ಮೇಲ್ಗಡೆ ದಾಟಿ, ಮತ್ತೆ ಅಂಚು ಹಿಡಿಸಿದೆ. ನನ್ನ 68 ಆಗಿದ್ದರೆ ಹಿಡಿದ ಅಂಚನ್ನು ಬಿಡಿಸಲು ಹಾರಬೇಕಿತ್ತು. ಮಧ್ಯಾಹ್ನದ ಗುಡ್ಡೆಗಳಲ್ಲಿ ಎರಡನೇ ದಿನದ ಅದೇ ಸಮಾಧಾನ. ನಾಲ್ಕು ಗಂಟೆಗೂ ತೊಡೆಯಲ್ಲಿ ಜೀವ ಇತ್ತು.

ಕೊರತೆಯೂ ಇದೆ. ಒಂದು ದಿನ ರಾತ್ರಿ ಚಳಿ ಜೋರಾಗಿ, ಯಂತ್ರದಿಂದ ಮಾಡಿದ ಹಿಮ ಗಾಜಿನಂತೆ ಗಟ್ಟಿಯಾಗಿತ್ತು. ಅಲ್ಲಿ 78 ಹಿಡಿಯಿತು, ಆದರೆ ಪ್ರತಿ ಸಲ ಒಂದು ಕ್ಷಣ ಯೋಚಿಸಿ ಹಿಡಿಯಿತು. ಪಾದದ ಗಂಟು ನೋಯಿತು. ಹಳೇ_ಮೊಣಕಾಲು ಅವರು ಹೇಳಿದ 34ಕ್ಕೂ 39ಕ್ಕೂ ಇರುವ ವ್ಯತ್ಯಾಸ ಅವತ್ತು ಕಾಲಿಗೇ ಅರ್ಥ ಆಯಿತು. ಎರಡನೆಯದು, ಪುಟ್ಟ ಪುಟ್ಟ ತಿರುವಿನಲ್ಲಿ 172 ನನಗೆ ಸ್ವಲ್ಪ ಉದ್ದ ಅನ್ನಿಸಿತು. ಅದೇ ಸ್ಕೀಯ 167 ಒಂದು ಮಧ್ಯಾಹ್ನ ಓಡಿಸಿದೆ. ಚುರುಕು ಬಂತು, ವೇಗದಲ್ಲಿದ್ದ ಸಮಾಧಾನ ಕಮ್ಮಿ ಆಯಿತು. 172ನ್ನೇ ತಗೊಂಡೆ.

ಐವತ್ನಾಲ್ಕು_ಕೆಜಿ

ಅಭಿನಂದನೆ! ಮೂರನೇ ದಿನವೇ ಹೆಸರು ಹಾಕಿ ಬೈದಿದ್ದರೆ ಎಷ್ಟು ಜನ ನಂಬಿಬಿಡುತ್ತಿದ್ದರೋ.

ನಿವೃತ್ತ_ಟೀಚರ್

ಆ ಬಲ ತಿರುವಿನ ಮೊಳದುದ್ದದ ಪೊರಕೆಗೆ: ಹಳೆಯ ತಿರುವು ಮುಗಿಯುವ ಮುಂಚೆಯೇ ಎಡಗಾಲಿನ ಹೆಬ್ಬೆರಳ ಬುಡಕ್ಕೆ ಭಾರ ತನ್ನಿ. ಮುಂದಿನ ಸಲ ಗೇಣಾಗುತ್ತದೆ.

ಸುಮ್ನೆ_ಓದ್ತೀನಿ

ಹಾಗಾದರೆ ನಿಮ್ಮ ಹಳೇ 68 ಮಾರುತ್ತೀರಾ? ನಾನು ತಗೊಳ್ಳುತ್ತೇನೆ.

ಬೆಳಗಿನ_ಇಳಿತ

ಇಲ್ಲ. ಹಿಮ ಗಾಜಿನ ಹಾಗಿರುವ ದಿನ ಬೆಳಗ್ಗೆ ಹನ್ನೊಂದರವರೆಗೆ ಅದೇ.

ಹಳೇ_ಮೊಣಕಾಲು

ತಲೆಬರಹದಲ್ಲಿ "ಒಂದೇ ಜೋಡಿ ಸಾಕಾ" ಎಂದು ಬರೆದದ್ದು ಯಾರು ಸ್ವಾಮಿ?